‘ಬರೀ ಹ್ಯಾಂಡ್ ಟೂಲ್ ಸಾರ್’ ಅಂತ ಪ್ರೈಮಿಂಗ್ ಟೂಲ್ ಮಾರುತ್ತಿದ್ದಾರೆ, ಹುಷಾರು

ಪುಣೆ, ಮುಂಬೈ ಕಡೆ ಇರುವ, ಲೈಸೆನ್ಸ್ ಕೋವಿ ಇಟ್ಟುಕೊಂಡಿರುವ ನಮ್ಮ ಜನ ದಯವಿಟ್ಟು ಇದನ್ನು ಪೂರ್ತಿ ಓದಿ. ಊರಿಂದ ಅಪ್ಪ, ಅಜ್ಜನ ಕಾಲದ ರೈಫಲ್ ಬಂದವರಿಗೂ ಹೇಳುತ್ತಿದ್ದೇನೆ, ಕ್ಲಬ್ಬಿಗೆ ಹೋಗಿ ಶೂಟಿಂಗ್ ಮಾಡುವವರಿಗೂ ಹೇಳುತ್ತಿದ್ದೇನೆ. ‘ತೋಟಾ ಮನೆಯಲ್ಲೇ ರಿಲೋಡ್ ಮಾಡಿಕೊಳ್ಳಿ’, ಅಂದರೆ ಹೊಡೆದ ತೋಟಾವನ್ನೇ ಮತ್ತೆ ತುಂಬಿಕೊಳ್ಳಿ, ಅಂತ ಆಸೆ ಹುಟ್ಟಿಸಿ, ಅದಕ್ಕೆ ಬೇಕಾದ ಹ್ಯಾಂಡ್ ಪ್ರೈಮಿಂಗ್ ಟೂಲ್ ಹೊರದೇಶದಿಂದ ತರಿಸಿಕೊಡುವ ಏಜೆಂಟ್ ಒಬ್ಬ ಈ ಭಾಗದಲ್ಲಿ ಓಡಾಡುತ್ತಿದ್ದಾನೆ. ಅವನಿಂದ ನನ್ನ ದುಡ್ಡು ಹೋಯಿತು. ಅದು ಹಾಳಾಗಿ ಹೋಗಲಿ. ಲೈಸೆನ್ಸೇ ಕೈಬಿಟ್ಟು ಹೋಗುವ ಹಂತಕ್ಕೆ ಬಂದಿತ್ತು.

ನಮ್ಮದು ಮಲೆನಾಡು. ಪುಣೆ ಪಕ್ಕದ ಪಿಂಪ್ರಿಯ ಒಂದು ಕಾರ್ಖಾನೆಯ ಟೂಲ್‌ರೂಮಿನಲ್ಲಿ ಕೆಲಸ. ಅಪ್ಪ ಹೋದ ಮೇಲೆ ಅವರ .30-06 ಬೋರಿನ ರೈಫಲ್ ನನ್ನ ಹೆಸರಿಗೆ ಬಂತು, ಲೈಸೆನ್ಸೂ ಪುಣೆಗೆ ಟ್ರಾನ್ಸ್‌ಫರ್ ಆಯಿತು. ಈ ಬೋರಿನ ಕಷ್ಟ ಇಟ್ಟುಕೊಂಡವರಿಗೇ ಗೊತ್ತು. ಹನ್ನೆರಡು ಬೋರಿನ ತೋಟಾ ಆದರೆ ಇಲ್ಲೇ ಪುಣೆಯ ಖಡಕಿ ಮದ್ದುಗುಂಡು ಫ್ಯಾಕ್ಟರಿಯದ್ದು ಸಿಗುತ್ತದೆ. .30-06 ಹಾಗಲ್ಲ. ಬಂದಾಗ ಬಂತು, ಇಲ್ಲದಿದ್ದರೆ ಇಲ್ಲ. ಬಂದರೂ ಒಂದೊಂದು ಗುಂಡಿಗೆ ಹೇಳುವ ರೇಟು ಕೇಳಿ ತಲೆ ತಿರುಗುತ್ತದೆ. ಏಜೆಂಟ್ ಗಾಳ ಹಾಕುವುದು ಸರಿಯಾಗಿ ಇಲ್ಲೇ. ಹೊಡೆದ ತೋಟಾದ ಖಾಲಿ ಕೇಸು, ಅಂದರೆ ಹೊರಗಿನ ಕೊಳವೆ, ನಿಮ್ಮ ಹತ್ತಿರ ಇದೆ ಅಲ್ವಾ, ಅದನ್ನೇ ಮತ್ತೆ ತುಂಬಿಸಿಕೊಳ್ಳಿ, ಅಮೆರಿಕದಲ್ಲಿ ಎಲ್ಲರೂ ಅಡುಗೆಮನೆ ಟೇಬಲ್ ಮೇಲೆ ಮಾಡುತ್ತಾರೆ ಅಂತ ಶುರು ಮಾಡುತ್ತಾನೆ.

ಅಮೆರಿಕದಲ್ಲಿ ಮಾಡುತ್ತಾರೆ, ಅದು ನಿಜ. ನನ್ನ ಭಾವ ಟೆಕ್ಸಸ್‌ನಲ್ಲಿದ್ದಾರೆ, ಅವರೂ ಮಾಡುತ್ತಾರೆ. ಅಲ್ಲಿನ ಕಾನೂನು ಅವರಿಗೆ, ಇಲ್ಲಿನದು ನಮಗೆ.

ಏಜೆಂಟ್ ಮೊದಲು ಸಿಕ್ಕಿದ್ದು ಪುಣೆಯ ಕ್ಯಾಂಪ್ ಏರಿಯಾದ ಒಂದು ಇರಾನಿ ಹೋಟೆಲ್‌ನಲ್ಲಿ. ಮಾತು ಬೆಣ್ಣೆ. ‘ಮದ್ದು ಇಲ್ಲ, ಪ್ರೈಮರ್ ಇಲ್ಲ, ಬರೀ ಹ್ಯಾಂಡ್ ಟೂಲ್ ಸಾರ್. ಸ್ಪ್ಯಾನರ್ ತರಿಸಿದ ಹಾಗೆ’ ಅಂದ. ಪರ್ಮಿಷನ್ ಬೇಕಾಗುತ್ತದಲ್ಲ ಅಂತ ನಾನು ಆಗಲೇ ಕೇಳಿದೆ. ಅದನ್ನೆಲ್ಲ ತಾನೇ ಮಾಡಿಸುತ್ತೇನೆ, ಅರ್ಜಿ ಹಾಕಲು ಲೈಸೆನ್ಸಿನ ಜೆರಾಕ್ಸ್, ಆಧಾರ್, ಅರ್ಧ ದುಡ್ಡು ಮುಂಗಡ ಕೊಡಿ ಅಂದ. ಪರ್ಮಿಷನ್ ಪತ್ರ ಕೈಗೆ ಬಂದ ಮೇಲೇ ಮಾಲು ತರಿಸಬೇಕು ಅಂತ ವಾಟ್ಸಾಪ್‌ನಲ್ಲಿ ಬರೆದು ಕಳಿಸಿದೆ. ‘ಓಕೆ ಸಾರ್’ ಅಂತ ಉತ್ತರ ಬಂತು. ಆ ಎರಡು ಪದ ಆಮೇಲೆ ನನ್ನನ್ನು ಕಾಪಾಡಿತು.

ಅವತ್ತು ಸ್ಯಾಂಪಲ್ ಅಂತ ಒಂದು ಟೂಲ್ ತಂದಿದ್ದ. ಅದನ್ನು ಕೈಯಲ್ಲಿ ಹಿಡಿದು ನೋಡಿದ್ದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ. ಯಾಕೆಂದರೆ ಮಾಲೇ ಡಬ್ಬಾ.

ಗೊತ್ತಿಲ್ಲದವರಿಗೆ ಎರಡು ಮಾತು. ಪ್ರೈಮರ್ ಅಂದರೆ ತೋಟಾದ ತಳದಲ್ಲಿ ಕೂರುವ ಪುಟ್ಟ ಲೋಹದ ಬಟ್ಟಲು, ನಮ್ಮ ಕಡೆ ಕೇಪು ಅನ್ನುತ್ತೇವೆ. ಕೋವಿಯ ಪಿನ್ನು ಬಡಿದಾಗ ಮೊದಲು ಸಿಡಿಯುವುದು ಇದೇ. ಒಳಗಿನ ಮಸಾಲೆಯಲ್ಲಿ ಮುಖ್ಯವಾಗಿ ಲೆಡ್ ಸ್ಟೈಫ್ನೇಟ್ ಇರುತ್ತದೆ. ಪೆಟ್ಟು, ಒತ್ತಡ, ಕಿಡಿ, ಸ್ಟ್ಯಾಟಿಕ್ ಕರೆಂಟ್, ಯಾವುದಕ್ಕಾದರೂ ಸಿಡಿಯಬಹುದು. ಹ್ಯಾಂಡ್ ಪ್ರೈಮಿಂಗ್ ಟೂಲ್ ಮಾಡುವ ಕೆಲಸ, ಈ ಕೇಪನ್ನು ಖಾಲಿ ಕೇಸಿನ ತಳದ ಗುಳಿಗೆ ಒತ್ತಿ ಕೂರಿಸುವುದು. ಮೇಲೆ ಒಂದು ಟ್ರೇ, ಅದರಲ್ಲಿ ಕೇಪುಗಳು. ಕೆಳಗೆ ಸೈಕಲ್ ಬ್ರೇಕ್ ಥರದ ಲಿವರ್. ಹಿಂಡಿದರೆ ಒಂದು ಪಂಚ್ ಮೇಲೆ ಬಂದು ಕೇಪನ್ನು ಒಳಗೆ ತಳ್ಳುತ್ತದೆ.

ಸಮಸ್ಯೆ ಇರುವುದು ಟ್ರೇಯಲ್ಲಿ. ಒಂದು ಕೇಪು ಸಿಡಿದರೆ ಬೆರಳಿಗೆ, ಕಣ್ಣಿಗೆ ಪೆಟ್ಟಾಗಬಹುದು. ಆ ಬೆಂಕಿ ಟ್ರೇಗೆ ಹೋದರೆ ಉಳಿದವೆಲ್ಲ ಒಟ್ಟಿಗೆ ಸಿಡಿಯುತ್ತವೆ, ಅದೂ ನಿಮ್ಮ ಮುಖದಿಂದ ಒಂದು ಗೇಣು ದೂರದಲ್ಲಿ. ಅದಕ್ಕೇ ಒಳ್ಳೆಯ ಟೂಲ್‌ಗಳಲ್ಲಿ ಟ್ರೇಗೂ ಪಂಚ್‌ಗೂ ನಡುವೆ ಲೋಹದ ಗೇಟು ಇರುತ್ತದೆ. ಆರ್‌ಸಿಬಿಎಸ್ ಅನ್ನುವ ಅಮೆರಿಕದ ಕಂಪನಿಯ ಟೂಲ್‌ನಲ್ಲಿ ಲಿವರ್ ಹಿಂಡುವಾಗ ಈ ಗೇಟು ಅಡ್ಡ ಬಂದು, ಕೂರಿಸುತ್ತಿರುವ ಒಂದು ಕೇಪನ್ನು ಉಳಿದವುಗಳಿಂದ ಬೇರೆ ಮಾಡುತ್ತದೆ. ಲೀ ಕಂಪನಿಯ ಹಳೇ ಆಟೋ ಪ್ರೈಮ್ ಟೂಲ್ ಜೊತೆ ಬರುತ್ತಿದ್ದ ಸೂಚನೆಯಲ್ಲಿ ಫೆಡರಲ್ ಬ್ರಾಂಡಿನ ಪ್ರೈಮರ್ ಇದರಲ್ಲಿ ಹಾಕಬೇಡಿ ಅಂತಲೇ ಇತ್ತು. ಟೂಲ್ ಮಾಡಿದವರೇ ಇಷ್ಟು ಹೆದರಿ ಬರೆಯುತ್ತಾರೆ ಅಂದರೆ ಲೆಕ್ಕ ಹಾಕಿ.

ಏಜೆಂಟ್ ತಂದ ಸ್ಯಾಂಪಲ್‌ನಲ್ಲಿ ಗೇಟೇ ಇರಲಿಲ್ಲ. ಟ್ರೇಯಿಂದ ಪಂಚ್‌ವರೆಗೆ ಒಂದು ತೆರೆದ ಕಾಲುವೆ, ಅಷ್ಟೇ. ಹೆಸರು ಯಾವುದೋ ದೊಡ್ಡ ಬ್ರಾಂಡಿನ ಹತ್ತಿರಹತ್ತಿರ, ಒಂದು ಅಕ್ಷರ ಆಚೀಚೆ. ಲಿವರ್‌ನ ಪಿನ್ನು ತೂತಿನಲ್ಲಿ ಲೊಡಲೊಡ. ಪಂಚ್ ನೇರ ಬರುತ್ತಿರಲಿಲ್ಲ, ಒಂದು ಬದಿಗೆ ವಾಲುತ್ತಿತ್ತು. ತುದಿಯಲ್ಲಿ ಬರ್, ಅಂದರೆ ಲೋಹದ ಒರಟು ಅಂಚು, ಹಾಗೇ ಬಿಟ್ಟಿದ್ದರು, ಉಗುರಿಗೆ ಸಿಕ್ಕುತ್ತಿತ್ತು. ನಮ್ಮ ಟೂಲ್‌ರೂಮಿನಲ್ಲಿ ಹೊಸದಾಗಿ ಸೇರಿದ ಟ್ರೈನಿ ಇಂಥ ಪೀಸು ಮಾಡಿಕೊಟ್ಟರೆ ಇನ್‌ಸ್ಪೆಕ್ಷನ್ ದಾಟುವುದಿಲ್ಲ. ಕೇಪು ಓರೆಯಾಗಿ ನಿಂತಾಗ ಮೇಲಿಂದ ಜೋರಾಗಿ ಹಿಂಡಿದರೆ ಏನಾಗುತ್ತದೆ ಅಂತ ಇದನ್ನು ಮಾಡಿದವನು ಯೋಚಿಸಿಯೇ ಇಲ್ಲ.

ಇದನ್ನು ಹೇಳಿದೆ. ‘ಗೇಟು ಇರುವ ಒರಿಜಿನಲ್ ತರಿಸೋಣ ಸಾರ್, ರೇಟು ಸ್ವಲ್ಪ ಜಾಸ್ತಿ’ ಅಂದ. ಸರಿ ಅಂದೆ.

ಆಮೇಲೆ ಭಾವನಿಗೆ ಫೋನ್ ಮಾಡಿದಾಗ ಇನ್ನೊಂದು ವಿಷಯ ಗೊತ್ತಾಯಿತು. ಕೇಪು ತಳಕ್ಕಿಂತ ಒಂದು ಕೂದಲೆಳೆ ಒಳಗೆ ಕೂರಬೇಕು, ಅಂದರೆ ಸುಮಾರು 0.003ರಿಂದ 0.005 ಇಂಚು. ಮೇಲೆ ಎದ್ದು ನಿಂತರೆ, ಕೆಲವು ಸೆಮಿ ಆಟೋಮ್ಯಾಟಿಕ್ ರೈಫಲ್‌ಗಳಲ್ಲಿ ಬೋಲ್ಟ್ (ತೋಟಾವನ್ನು ಹಿಂದಿನಿಂದ ಮುಚ್ಚುವ ಭಾಗ) ಮುಚ್ಚುವಾಗಲೇ ಗುಂಡು ಹಾರಿಬಿಡಬಹುದು. ನನ್ನದೇ ಬೋರಿನ ಎಂ1 ಗರಾಂಡ್ ರೈಫಲ್ ಈ ವಿಷಯದಲ್ಲಿ ಹೆಸರು ಕೆಡಿಸಿಕೊಂಡಿದೆ. ಮಿಲಿಟರಿ ಕೇಸಾದರೆ ಕೇಪಿನ ಸುತ್ತ ಅಂಚು ಒತ್ತಿರುತ್ತಾರೆ, ಆ ಅಂಚು ತೆಗೆಯದೆ ಹೊಸದು ಒಳಗೆ ಹೋಗುವುದಿಲ್ಲ. ಜನ ಏನು ಮಾಡುತ್ತಾರೆ? ಇನ್ನೂ ಜೋರಾಗಿ ಹಿಂಡುತ್ತಾರೆ. ‘ಕನ್ನಡಕ ಹಾಕದೆ ನಾನು ಲಿವರ್ ಮುಟ್ಟುವುದೇ ಇಲ್ಲ ಮಾರಾಯಾ. ಹಟ ಮಾಡಿದ ಕೇಪನ್ನು ಒತ್ತುವುದೂ ಇಲ್ಲ’ ಅಂದರು ಭಾವ.

ಏಜೆಂಟ್ ಗಿರಾಕಿ ಹಿಡಿಯುವ ರೀತಿ ನೋಡಿದರೆ ನಗು ಬರುತ್ತದೆ. ನಮ್ಮ ಕ್ಲಬ್ಬಿನಲ್ಲಿ .22 ಹೊಡೆಯುವ ಹುಡುಗನಿಗೂ ಇದೇ ಟೂಲ್ ಮಾರಲು ಹೋಗಿದ್ದ. .22 ರಿಮ್‌ಫೈರ್. ಅದರ ಮಸಾಲೆ ಅಂಚಿನೊಳಗೇ ಇರುತ್ತದೆ, ಬೇರೆ ಕೇಪು ಅನ್ನುವುದೇ ಇಲ್ಲ. ಏನನ್ನು ಕೂರಿಸುವುದು? ಬೆರ್ಡಾನ್ ಮಾದರಿಯ ಕೇಸು ಇಟ್ಟುಕೊಂಡವರಿಗೂ ಮಾರಿದ್ದಾನೆ. ಖಾಲಿ ಕೇಸಿನೊಳಗೆ ಟಾರ್ಚ್ ಬಿಟ್ಟು ನೋಡಿ. ತಳದ ನಡುವೆ ಒಂದೇ ತೂತು ಇದ್ದರೆ ಬಾಕ್ಸರ್, ಸಣ್ಣ ಎರಡು ತೂತು ಇದ್ದರೆ ಬೆರ್ಡಾನ್. ಈ ಟೂಲ್‌ಗಳು ಬಾಕ್ಸರ್ ಕೇಪಿಗಾಗಿ ಮಾಡಿದವು. ಅಂದರೆ ಕಾನೂನು ಪಕ್ಕಕ್ಕಿಟ್ಟರೂ ಕೊಂಡವರಲ್ಲಿ ಎಷ್ಟೋ ಜನರಿಗೆ ಇದು ಉಪಯೋಗಕ್ಕೆ ಬರುವ ವಸ್ತುವೇ ಅಲ್ಲ.

ಈಗ ಕಾನೂನಿಗೆ ಬರೋಣ. ನನಗೆ ಪೆಟ್ಟು ಬಿದ್ದಿದ್ದು ಇಲ್ಲೇ.

ಪರ್ಮಿಷನ್ ಪತ್ರ ಬರಲೇ ಇಲ್ಲ. ಬಂದಿದ್ದು ಕಸ್ಟಮ್ಸ್‌ನ ನೋಟಿಸು. ಮುಂಬೈಗೆ ಬಂದ ಪಾರ್ಸೆಲ್ ಒಂದನ್ನು ತಡೆದಿಟ್ಟಿದ್ದೇವೆ, ತರಿಸಿಕೊಂಡವರು ನೀವು, ವಿವರಣೆ ಕೊಡಿ ಅಂತ. ಏಜೆಂಟ್ ಅರ್ಜಿಯನ್ನೇ ಹಾಕಿರಲಿಲ್ಲ. ನನ್ನ ಹೆಸರು, ವಿಳಾಸ, ಆಧಾರ್ ಹಾಕಿ, ಒಳಗಿರುವುದು ‘ಪ್ಲಾಯರ್’ ಅಂತ ಬರೆಸಿ ಮಾಲು ತರಿಸಿಬಿಟ್ಟಿದ್ದ. ಪೆಟ್ಟಿಗೆಯ ಒಳಗಿದ್ದ ಇನ್‌ವಾಯ್ಸಿನಲ್ಲಿ ಮಾತ್ರ ಪ್ರೈಮಿಂಗ್ ಟೂಲ್ ಅಂತ ಸ್ಪಷ್ಟವಾಗಿ ಅಚ್ಚಾಗಿತ್ತು. ಅವನಿಗೆ ಫೋನ್ ಮಾಡಿದರೆ ಸ್ವಿಚ್ ಆಫ್.

ವಕೀಲರ ಹತ್ತಿರ ಓಡಿದೆ. ಅವರು 1959ರ ಆಯುಧ ಕಾಯ್ದೆ ತೆಗೆದು ಕಲಂ 2ರಲ್ಲಿ ಮದ್ದುಗುಂಡಿನ ವ್ಯಾಖ್ಯೆ ತೋರಿಸಿದರು. ತೋಟಾ, ಬಾಂಬು, ಗ್ರೆನೇಡು ಎಲ್ಲ ಅದರಲ್ಲಿವೆ. ಅದೇ ಪಟ್ಟಿಯಲ್ಲಿ ಮದ್ದುಗುಂಡಿನ ಬಿಡಿಭಾಗಗಳು ಮತ್ತು ಅದನ್ನು ತಯಾರಿಸುವ ಯಂತ್ರಗಳೂ ಸೇರಿವೆ. ಇನ್ನೊಮ್ಮೆ ಓದಿ. ತಯಾರಿಸುವ ಯಂತ್ರವೂ ಕಾನೂನಿನ ಕಣ್ಣಿಗೆ ಮದ್ದುಗುಂಡೇ. ಒಂದು ಚಿಟಿಕೆ ಮದ್ದು ಇಲ್ಲದಿದ್ದರೂ.

‘ಅಂಗೈಯಲ್ಲಿ ಹಿಡಿಯುವ ಈ ಸಾಮಾನು ಯಂತ್ರ ಹೇಗಾಗುತ್ತದೆ ಸಾರ್?’ ಅಂದೆ. ವಕೀಲರು ಕನ್ನಡಕ ತೆಗೆದು ಟೇಬಲ್ ಮೇಲಿಟ್ಟರು. ‘ವಾದ ಮಾಡಬಹುದು. ಆದರೆ ಆ ವಾದವನ್ನು ನೀವು ಆರೋಪಿಯಾಗಿ ಕೋರ್ಟಿನಲ್ಲಿ ಮಾಡಬೇಕಾಗುತ್ತದೆ’ ಅಂದರು.

ಕಲಂ 5ರ ಪ್ರಕಾರ ಲೈಸೆನ್ಸ್ ಇಲ್ಲದೆ ಮದ್ದುಗುಂಡು ತಯಾರಿಸುವಂತಿಲ್ಲ, ಮಾರುವಂತಿಲ್ಲ. ಕಲಂ 10ರ ಪ್ರಕಾರ ಹೊರದೇಶದಿಂದ ತರುವುದಕ್ಕೂ ಲೈಸೆನ್ಸ್ ಬೇಕು. 2019ರ ತಿದ್ದುಪಡಿ ಆದ ಮೇಲೆ ಕಲಂ 5 ಮೀರಿದರೆ ಶಿಕ್ಷೆ ಕಡಿಮೆ ಅಂದರೆ 7 ವರ್ಷ, ಜಾಸ್ತಿ ಅಂದರೆ ಜೀವಾವಧಿ. ಮನೆಯಲ್ಲಿ ಕೋವಿ ಇಟ್ಟುಕೊಳ್ಳಲು ನಮಗೆ ಕೊಟ್ಟಿರುವ ಲೈಸೆನ್ಸ್ ಬೇರೆ, ತಯಾರಿಸುವ ಲೈಸೆನ್ಸ್ ಬೇರೆ. ‘ನಿಮ್ಮ ಹತ್ತಿರ ಲೈಸೆನ್ಸ್ ಇದೆಯಲ್ಲ ಸಾರ್, ಮತ್ತೇನು’ ಅನ್ನುವ ಏಜೆಂಟನ ಮಾತಿನ ಮೋಸ ಇರುವುದು ಇಲ್ಲೇ.

ಕೊಡಗಿನ ಗೆಳೆಯರಿಗೂ ಒಂದು ಮಾತು. ಪುಣೆಯಲ್ಲಿ ನಿಮ್ಮವರು ಸಾಕಷ್ಟಿದ್ದೀರಿ. ‘ನಮಗೆ ವಿನಾಯಿತಿ ಇದೆ’ ಅಂತ ನನ್ನ ಸ್ನೇಹಿತನೊಬ್ಬ ಧೈರ್ಯವಾಗಿದ್ದ. ಕೊಡವರಿಗೂ ಜಮ್ಮಾ (ಕೊಡಗಿನ ಪಾರಂಪರಿಕ ಜಮೀನು) ಹಿಡುವಳಿದಾರರಿಗೂ ಇರುವ ವಿನಾಯಿತಿ, ಈಗ 2029ರ ಅಕ್ಟೋಬರ್‌ವರೆಗೆ ಮುಂದುವರಿದಿರುವುದು, ಕಲಂ 3 ಮತ್ತು 4ರಿಂದ. ಅಂದರೆ ಕೋವಿ ಇಟ್ಟುಕೊಳ್ಳುವುದು, ಒಯ್ಯುವುದು. ತೋಟಾ ತಯಾರಿಸುವುದಕ್ಕೂ ಅದಕ್ಕೂ ಸಂಬಂಧ ಇಲ್ಲ. ಆ ಸ್ನೇಹಿತ ಆರ್ಡರ್ ಕೊಡುವುದರಲ್ಲಿದ್ದ, ತಡೆದೆ.

ಆಮೇಲಿನದು ಬರೀ ಅಲೆದಾಟ. ಮುಂಬೈಗೆ ಹೋಗಿ ಹೇಳಿಕೆ ಕೊಟ್ಟೆ. ಇಲ್ಲಿನ ಠಾಣೆಯಿಂದಲೂ ಕರೆ ಬಂತು. ಅಲ್ಲಿದ್ದ ಹವಾಲ್ದಾರರು ಪಾರ್ಸೆಲ್‌ನ ಫೋಟೋ ತೋರಿಸಿ ‘ಹೇ ಕಾಯ್ ಆಹೇ, ಸಾಹೇಬ್?’ (ಇದೇನು ಸಾಹೇಬ್ರೆ?) ಅಂದರು. ಕೇಪು, ಕೇಸು ಎಲ್ಲ ವಿವರಿಸಲು ಶುರು ಮಾಡಿದೆ. ಅರ್ಧಕ್ಕೆ ಬಂದಾಗ ತಲೆಗೆ ಹೊಳೆಯಿತು, ನಾನು ಚೆನ್ನಾಗಿ ವಿವರಿಸಿದಷ್ಟೂ ‘ಇವನಿಗೆ ಎಲ್ಲ ಗೊತ್ತಿದೆ’ ಅಂತ ಅವರು ಬರೆದುಕೊಳ್ಳುತ್ತಾರೆ. ಸುಮ್ನೆ ವಾಟ್ಸಾಪ್ ತೆಗೆದು, ಪರ್ಮಿಷನ್ ಬರದೆ ತರಿಸಬೇಡ ಅಂತ ಬರೆದ ಮೆಸೇಜ್ ತೋರಿಸಿದೆ. ಅದರ ಪ್ರಿಂಟ್, ಹಣ ಕಳಿಸಿದ ರಸೀದಿ, ವಕೀಲರ ಪತ್ರ, ಇವುಗಳಿಂದಾಗಿ ನನ್ನ ಮೇಲೆ ಕೇಸು ಆಗಲಿಲ್ಲ. ಟೂಲ್ ಮುಟ್ಟುಗೋಲಾಯಿತು. ಮುಂಗಡ ಹೋಯಿತು, ಅದರ ಮೇಲೆ ವಕೀಲರ ಫೀಸು. ವಿಚಾರಣೆ ಮುಗಿಯುವ ತನಕ ಲೈಸೆನ್ಸ್ ರಿನ್ಯೂವಲ್ ಫೈಲು ಅಲ್ಲಾಡಲಿಲ್ಲ, ಅಷ್ಟು ದಿನ ಅಪ್ಪನ ರೈಫಲ್ ಠಾಣೆಯಲ್ಲಿ ಠೇವಣಿ. ಊರಲ್ಲಿ ಅಮ್ಮನಿಗೆ ಸರ್ವಿಸಿಂಗ್‌ಗೆ ಕೊಟ್ಟಿದ್ದೇನೆ ಅಂತ ಹೇಳಿದ್ದೆ.

ಗುಂಡು ಸಿಗುವುದಿಲ್ಲ ಅನ್ನುವ ಕಷ್ಟಕ್ಕೆ ತಯಾರಿಸುವ ಲೈಸೆನ್ಸ್ ಇಲ್ಲದೆ ಮನೆಯಲ್ಲಿ ಕೂತು ಮಾಡುವ ಉಪಾಯ ಇಲ್ಲ. ಲೈಸೆನ್ಸ್ ಇರುವ ಡೀಲರ್ ಹತ್ತಿರ ಹೆಸರು ಬರೆಸಿ ಕಾಯಬೇಕು. ಸ್ಪರ್ಧೆಗೆ ಹೋಗುವವರಾದರೆ ಕ್ಲಬ್ಬು, ರಾಜ್ಯ ಸಂಸ್ಥೆ, ಎನ್‌ಆರ್‌ಎಐ (ರಾಷ್ಟ್ರೀಯ ರೈಫಲ್ ಸಂಸ್ಥೆ) ಮೂಲಕ ಆಮದಿನ ದಾರಿ ಇದೆ, ಅದರಲ್ಲೇ ಹೋಗಿ. ಅಮೆರಿಕದಿಂದ ಬರುವ ಮಕ್ಕಳು, ನೆಂಟರ ಸೂಟ್‌ಕೇಸಿನಲ್ಲಿ ‘ಒಂದು ಚಿಕ್ಕ ಟೂಲ್ ಅಷ್ಟೇ, ಹಾಕಿಕೊಂಡು ಬಾ’ ಅಂತ ಖಂಡಿತ ಹೇಳಬೇಡಿ. ಏರ್‌ಪೋರ್ಟಿನಲ್ಲಿ ಸಿಕ್ಕಿಬೀಳುವುದು ಅವರು.

ಅದೇ ಏಜೆಂಟ್ ಈಗ ಹೊಸ ನಂಬರಿನಿಂದ ಅದೇ ಹಳೇ ಫೋಟೋಗಳನ್ನು ಕಳಿಸುತ್ತಿದ್ದಾನೆ ಅಂತ ಮುಂಬೈ ಪಕ್ಕದ ಥಾಣೆ ಊರಿನ ಒಬ್ಬ ಓದುಗರು ಮೊನ್ನೆ ತಿಳಿಸಿದರು. ನಿಮಗೂ ಬಂದರೆ ಅಳಿಸಬೇಡಿ, ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಿ. ಈಗಾಗಲೇ ಲೈಸೆನ್ಸ್ ಜೆರಾಕ್ಸ್ ಕೊಟ್ಟಿದ್ದರೆ ಪಾರ್ಸೆಲ್ ಬರುವವರೆಗೆ ಕಾಯಬೇಡಿ. ನಿಮ್ಮ ದಾಖಲೆ ದುರುಪಯೋಗ ಆಗಬಹುದು ಅಂತ ಇವತ್ತೇ ಠಾಣೆಗೆ ಬರೆದು ಕೊಡಿ, ನಿಮ್ಮ ಪ್ರತಿಯ ಮೇಲೆ ತಾರೀಕು ಸಮೇತ ಸೀಲು ಹಾಕಿಸಿಕೊಳ್ಳಿ. ಇನ್ನು ಮುಂದೆ ಯಾರಿಗೆ ಜೆರಾಕ್ಸ್ ಕೊಟ್ಟರೂ ಅದರ ಮೇಲೆ ಅಡ್ಡಲಾಗಿ ಯಾವ ಕೆಲಸಕ್ಕೆ, ಯಾವ ದಿನ ಕೊಟ್ಟಿದ್ದು ಅಂತ ಪೆನ್ನಿನಲ್ಲಿ ಬರೆದು ಸಹಿ ಮಾಡಿ ಕೊಡಿ.