ಕುರಿ ಯಾರೆಂದು ಹೇಳಿಕೊಡದ ಜ್ಞಾನೋಪದೇಶ

ಪ್ರಶ್ನೋತ್ತರ ಬಾಯಿಪಾಠ ಮಾಡಿಸುವ ಭಾನುವಾರದ ತರಗತಿಗೆ ಬದಲು ಏನಾದರೂ ಹುಡುಕುತ್ತಿರುವ ಕಥೋಲಿಕ ಪಾಲಕರು ಒಮ್ಮೆ ಮಕ್ಕಳ ಧರ್ಮಬೋಧನೆಯ 'ಕ್ಯಾಟಕೀಸಿಸ್ ಆಫ್ ದ ಗುಡ್ ಶೆಫರ್ಡ್' ಪದ್ಧತಿಯನ್ನು ನೋಡಬೇಕು. 1954ರಲ್ಲಿ ರೋಮ್‌ನಲ್ಲಿ ಇದನ್ನು ಶುರು ಮಾಡಿದವರು ಹೀಬ್ರೂ ವಿದ್ವಾಂಸೆ ಸೋಫಿಯಾ ಕವಲ್ಲೆತ್ತಿ ಮತ್ತು ಮಾಂಟೆಸ್ಸರಿ ಶಿಕ್ಷಕಿ ಜಿಯಾನ್ನಾ ಗೊಬ್ಬಿ. 3ರಿಂದ 6, 6ರಿಂದ 9, 9ರಿಂದ 12 ವರ್ಷ ಎಂದು ಮೂರು ಹಂತ. ಕಲಿಯುವ ಕೋಣೆಗೆ ಏಟ್ರಿಯಂ ಎನ್ನುತ್ತಾರೆ. ಇಲ್ಲಿ ಹೇಳುತ್ತಿರುವುದು ಹೆಚ್ಚಾಗಿ ಮೊದಲ ಹಂತದ ಬಗ್ಗೆ.

ಇಡೀ ಪದ್ಧತಿಯ ಜೀವ ಯೇಸು ಹೇಳಿದ ಉತ್ತಮ ಕುರಿಗಾಹಿಯ ಸಾಮತಿಯಲ್ಲಿ, ಅಂದರೆ ದೃಷ್ಟಾಂತ ಕಥೆಯಲ್ಲಿದೆ. ಬೇಕಾದದ್ದು ಹಸಿರು ಬಣ್ಣ ಬಳಿದ ಒಂದು ಹಲಗೆ, ಬಾಗಿಲಿರುವ ದೊಡ್ಡಿ, ಕುರಿಗಾಹಿ, ಹತ್ತು ಕುರಿ. ಸಾಮತಿಯ ಗೊಂಬೆಗಳು ಮರದಲ್ಲಿ ಕೊರೆದ ಚಪ್ಪಟೆ ಆಕೃತಿಗಳು. ಕ್ರಿಸ್ತಜನನದಂಥ ನಡೆದ ಘಟನೆಗೆ ಮಾತ್ರ ದುಂಡನೆಯ ಗೊಂಬೆ. ನಡೆದದ್ದು ಯಾವುದು, ಸಾಮತಿ ಯಾವುದು ಎಂಬುದು ಮಗುವಿನ ಕೈಗೇ ತಿಳಿಯಲಿ ಎಂದು ಹೀಗೆ. ಉಪದೇಶಿ, ಅಂದರೆ ಪಾಠ ಹೇಳುವವರು, ಮೊದಲು ನಿಧಾನವಾಗಿ ವಿಷಯ ಹೇಳುತ್ತಾರೆ, ಮೇಣದಬತ್ತಿ ಹಚ್ಚಿ ಬೈಬಲಿನ ಯೊವಾನ್ನನ ಶುಭಸಂದೇಶದ 10ನೇ ಅಧ್ಯಾಯದಿಂದ ಓದುತ್ತಾರೆ, ಆಮೇಲೆ ಗೊಂಬೆ ನಡೆಸುತ್ತಾರೆ. ಕುರಿಗಾಹಿ ಮುಂದೆ, ಕುರಿಗಳು ಹಿಂದೆ, ಒಂದೊಂದಾಗಿ. ಗುಂಪಾಗಿ ತಳ್ಳಿದರೆ, ಕುರಿಗಾಹಿ ಕುರಿಗಳನ್ನು ಹೆಸರು ಹಿಡಿದು ಕರೆಯುತ್ತಾನೆ ಎಂಬ ಮಾತೇ ಸತ್ತುಹೋಗುತ್ತದೆ.

ಹೆಚ್ಚಿನವರು ಎಡವುವುದು ಇದಾದ ಮೇಲೆ. "ಆ ಕುರಿಗಳು ಯಾರು ಗೊತ್ತಾ? ನೀವೇ!" ಎಂದು ದೊಡ್ಡವರು ಹೇಳಿಬಿಡುತ್ತಾರೆ. ಹೇಳಬಾರದು. "ಈ ಕುರಿಗಳು ಯಾರಿರಬಹುದು?" ಎಂದು ಕೇಳಿ ಸುಮ್ಮನಿರಬೇಕು. ಮಗು ತಾನೇ ಅದನ್ನು ಕಂಡುಕೊಳ್ಳಲು ತಿಂಗಳುಗಳೇ ಹಿಡಿಯಬಹುದು. ನಮ್ಮ ಮೇಷ್ಟ್ರುಗಳಿಗೆ ಈ ಮೌನ ನಿಜಕ್ಕೂ ಕಷ್ಟ.

ಸಂಸ್ಕಾರದ ಭಾಗವೂ ಕೈಕೆಲಸವೇ. ಪುಟ್ಟ ಬಲಿಪೀಠ, ಅದರ ಮೇಲೆ ಬಟ್ಟೆ, ಶಿಲುಬೆ, ಎರಡು ಮೇಣದಬತ್ತಿ, ಪಾನಪಾತ್ರೆ, ರೊಟ್ಟಿ ತಟ್ಟೆ. ಮಗು ಒಂದೊಂದರ ಹೆಸರು ಹೇಳಿ ಜೋಡಿಸುತ್ತದೆ. ದ್ರಾಕ್ಷಾರಸಕ್ಕೆ ನೀರು ಬೆರೆಸುವ ಪಾಠದಲ್ಲಿ ಪಾನಪಾತ್ರೆಗೆ ಮೊದಲು ದ್ರಾಕ್ಷಾರಸ, ಆಮೇಲೆ ಕೆಲವೇ ಹನಿ ನೀರು. ಬೆರೆತ ನೀರನ್ನು ಮತ್ತೆ ಬೇರ್ಪಡಿಸಲಾಗದು, ಅದೇ ಪಾಠ. ನೀರಿನ ಕುಡಿಕೆ ತುಂಬಿಸಿಟ್ಟರೆ ಮಗು ಪೂರ್ತಿ ಸುರಿಯುತ್ತದೆ, "ಕೆಲವೇ ಹನಿ"ಯ ಅರ್ಥ ಹೋಗುತ್ತದೆ. ಕಾಲು ಭಾಗ ನೀರಿಟ್ಟರೆ ಸಾಕು. ಟ್ರೇ, ಪಕ್ಕದಲ್ಲಿ ಒರೆಸುವ ಬಟ್ಟೆ ಇರಲಿ. ಇದಕ್ಕೆ ಮೊದಲು ಕೆಲವು ವಾರ ಕಾಳು, ಆಮೇಲೆ ಬರೀ ನೀರು ಸುರಿಯುವ ಅಭ್ಯಾಸ ಆಗಿರಬೇಕು. ಅದನ್ನು ಬಿಟ್ಟರೆ ಮಗುವಿನ ಗಮನವೆಲ್ಲ ಚೆಲ್ಲದಂತೆ ನೋಡಿಕೊಳ್ಳುವುದರಲ್ಲೇ ಮುಗಿಯುತ್ತದೆ.

ದೇವರ ರಾಜ್ಯದ ಸಾಮತಿಗಳಿಗೆ ಅಡುಗೆಮನೆಯೇ ಸಾಕು. ಸಾಸಿವೆ ಕಾಳಿನ ಸಾಮತಿಗೆ ಒಗ್ಗರಣೆ ಡಬ್ಬಿಯಿಂದ ಸಣ್ಣ ಸಾಸಿವೆ ಆರಿಸಿ, ಪ್ರತಿ ಮಗುವಿನ ಬೆರಳ ತುದಿಗೆ ಒಂದೇ ಕಾಳು ಅಂಟಿಸಿ. ದಪ್ಪ ಸಾಸಿವೆ ಬೇಡ. ಹುಳಿಹಿಟ್ಟಿನ ಸಾಮತಿಗೆ ಎರಡು ಬಟ್ಟಲಲ್ಲಿ ಸಮ ಅಳತೆಯ ಮೈದಾ ಕಲಸಿ, ಒಂದಕ್ಕೆ ಮಾತ್ರ ಯೀಸ್ಟ್ ಹಾಕಿ ಮುಚ್ಚಿಡಿ. ಕುದಿಯುವ ನೀರಲ್ಲಿ ಕಲಸಿದರೆ ಯೀಸ್ಟ್ ಸತ್ತು ಎರಡೂ ಒಂದೇ ಥರ ಕೂತಿರುತ್ತವೆ. ಉಗುರುಬೆಚ್ಚಗಿನ ನೀರು ಬಳಸಿ.

ಕೊರತೆಗಳು ಸಣ್ಣವಲ್ಲ. ಕೋಣೆಯನ್ನು ಇದಕ್ಕೇ ಬಿಡಬೇಕು, ಬೇರೆ ಸಂಘದವರು ಬಂದು ಕುರ್ಚಿ ಎಳೆದಾಡುವ ಜಾಗದಲ್ಲಿ ಆಗದು. ಅಮೆರಿಕದಲ್ಲಿ ಮೊದಲ ಹಂತದ ಉಪದೇಶಿಯ ತರಬೇತಿಯೇ ಸುಮಾರು 90 ಗಂಟೆ. ಅರವತ್ತು ಮಕ್ಕಳಿಗೆ ಇಬ್ಬರು ಸಿಸ್ಟರ್ ಇರುವ ಧರ್ಮಕೇಂದ್ರದಲ್ಲಿ ಇದು ನಡೆಯದು; ಗುಂಪು ಮಾಡಿ ಸರದಿ ಹಾಕಬೇಕಾಗುತ್ತದೆ. ಬಾಯಿಪಾಠದ ಪರೀಕ್ಷೆಯಲ್ಲಿ ಈ ಮಕ್ಕಳು ಹಿಂದೆ ಬಿದ್ದಂತೆ ಕಾಣಬಹುದು. ಪ್ರಥಮ ಪರಮಪ್ರಸಾದದ ತಯಾರಿ ಎರಡನೇ ಹಂತಕ್ಕೆ ಬರುವುದರಿಂದ, ಏಳು ವರ್ಷಕ್ಕೆ ನೇರವಾಗಿ ಅಲ್ಲಿಗೇ ಸೇರಿಸಿದರೆ ಬುಡವಿಲ್ಲದಂತಾಗುತ್ತದೆ.

ಸಿದ್ಧ ಸೆಟ್ ಕೊಳ್ಳುವ ಆತುರ ಬೇಡ, ಪ್ಲಾಸ್ಟಿಕ್ ಕುರಿಗಳಂತೂ ಬೇಡವೇ ಬೇಡ. ಬಡಗಿಯ ಬಳಿ ಪ್ಲೈವುಡ್ ತುಂಡು ಕೇಳಿ ತಂದು, ಕುರಿ ಬರೆದು, ಮನೆಯವರೇ ಕತ್ತರಿಸಿ ಉಪ್ಪುಕಾಗದದಲ್ಲಿ ಉಜ್ಜಿ. ಕುರಿಯ ಬುಡದ ಪಟ್ಟಿ ಅಗಲವಾಗಿರಲಿ, ಇಲ್ಲದಿದ್ದರೆ ಮುಟ್ಟಿದಾಗಲೆಲ್ಲ ಬೀಳುತ್ತದೆ.