ಪಟ್ಟಿ ಮೊದಲೋ, ದನಿ ಮೊದಲೋ? ಧಾರವಾಡ–ಗದಗ ಹಕ್ಕಿಗಳಿಗೆ ಯಾವುದು ಒಗ್ಗುತ್ತದೆ

ಹಕ್ಕಿ ಗುರುತಿಸೋಕೆ ಈಗ ದಾರಿಗಳಿಗೇನೂ ಬರ ಇಲ್ಲ. ಜಿಲ್ಲೆಯಲ್ಲಿ ಕಂಡ ಹಕ್ಕಿಗಳ ಪಟ್ಟಿ ಇದೆ. ಒಂದೊಂದು ಕೆರೆಯದೇ ಪಟ್ಟಿ, ಜನ ತಾವು ಕಂಡ ಹಕ್ಕಿಗಳನ್ನು ದಾಖಲಿಸುವ ಇ-ಬರ್ಡ್ ಜಾಲತಾಣದಲ್ಲಿ ಸಿಗುತ್ತದೆ. ದನಿ ಕೇಳಿ ಹೆಸರು ಹೇಳುವ ಮರ್ಲಿನ್, ಬರ್ಡ್‌ನೆಟ್ ಎಂಬ ಮೊಬೈಲ್ ಆ್ಯಪ್‌ಗಳಿವೆ. ಜೆನೊ-ಕ್ಯಾಂಟೊ ಜಾಲತಾಣದಲ್ಲಿ ಜನ ಹಾಕಿದ ಹಕ್ಕಿದನಿಯ ರೆಕಾರ್ಡಿಂಗ್‌ಗಳಿವೆ. ಧಾರವಾಡದ ಕೆಲಗೇರಿ ಕೆರೆಯಿಂದ ಗದಗ ಜಿಲ್ಲೆಯ ಮಾಗಡಿ ಕೆರೆ ತನಕ ಇವನ್ನೆಲ್ಲ ಬಳಸಿ ನೋಡಿದ್ದೇನೆ. ನನ್ನ ಓಟು ಕೆರೆಯ ಪಟ್ಟಿಗೆ. ಜಿಲ್ಲೆಯ ಪಟ್ಟಿ ಕೊನೆಯ ಬೆಂಚಿಗೆ. ದನಿಯ ಆ್ಯಪ್‌ಗಳು ನಡುವೆ ಎಲ್ಲೋ.

ಜಿಲ್ಲೆಯ ಪಟ್ಟಿ ಮೇಲೆ ಯಾಕಿಷ್ಟು ಸಿಟ್ಟು ಅಂತೀರಾ? ಧಾರವಾಡ ಜಿಲ್ಲೆಯ ನಕ್ಷೆ ನೋಡಿ. ಪಶ್ಚಿಮಕ್ಕೆ ಅಳ್ನಾವರ, ಕಲಘಟಗಿ. ಅಲ್ಲಿ ಸಾಗವಾನಿ ಕಾಡು, ಮಲೆನಾಡಿನ ಸೆರಗು. ಪೂರ್ವಕ್ಕೆ ನವಲಗುಂದ, ಅಣ್ಣಿಗೇರಿ. ಅಲ್ಲಿ ಕಣ್ಣು ಹಾಯಿಸಿದಷ್ಟೂ ಎರೆಹೊಲ. ಕಾಡಿನ ಹಕ್ಕಿಯನ್ನೂ ಹೊಲದ ಹಕ್ಕಿಯನ್ನೂ ಒಂದೇ ಹಾಳೆಯಲ್ಲಿ ಅಕ್ಕಪಕ್ಕ ಕೂರಿಸಿದರೆ ಹೊಸಬರಿಗೆ ತಲೆ ಕೆಡುತ್ತದೆ. ಅಣ್ಣಿಗೇರಿ ಹೊಲದ ಬದುವಿನಲ್ಲಿ ನಿಂತು ಅಳ್ನಾವರದ ಹೆಸರುಗಳನ್ನು ಒಂದೊಂದಾಗಿ ಹೊಡೆದುಹಾಕುತ್ತಾ ಕೂರೋದರಲ್ಲಿ ಹಕ್ಕಿ ಹಾರಿಹೋಗಿರುತ್ತದೆ.

ಕೆರೆಯ ಪಟ್ಟಿ ಹಾಗಲ್ಲ. ಇ-ಬರ್ಡ್‌ನಲ್ಲಿ ಒಂದು ಜಾಗವನ್ನು ಆರಿಸಿದರೆ ಬಾರ್ ಚಾರ್ಟ್ ಸಿಗುತ್ತದೆ. ಪ್ರತಿ ತಿಂಗಳನ್ನು ನಾಲ್ಕು ಭಾಗ ಮಾಡಿ, ಯಾವ ಹಕ್ಕಿ ಯಾವಾಗ ಎಷ್ಟು ಸಲ ವರದಿಯಾಗಿದೆ ಎಂದು ಹಸಿರು ಗೆರೆಯ ದಪ್ಪದಲ್ಲೇ ತೋರಿಸುತ್ತದೆ. ಡಿಸೆಂಬರ್‌ನಲ್ಲಿ ಕೆರೆಯಂಚಿನ ಪೊದೆಯೊಳಗಿಂದ 'ಟಕ್... ಟಕ್' ಎಂದು ಯಾರೋ ನಾಲಿಗೆ ಲೊಟ್ಟೆ ಹೊಡೆದಂತೆ ಸದ್ದು ಬರುತ್ತದೆ. ಹಕ್ಕಿ ಮಾತ್ರ ಹೊರಗೆ ಬರೋದೇ ಇಲ್ಲ. ಬಂದರೂ ಕಂದು ಬಣ್ಣ, ಗುರುತು ಹಿಡಿಯೋಕೆ ಒಂದು ಗೆರೆಯೂ ಇಲ್ಲ. ಚಳಿಗಾಲದ ಅತಿಥಿಗಳ ಸಾಲು ನೋಡಿದರೆ ಬ್ಲೈತ್ಸ್ ರೀಡ್ ವಾರ್ಬ್ಲರ್ ಹೆಸರು ಕಾಣುತ್ತದೆ. ಆಮೇಲೆ ಅದರ ರೆಕಾರ್ಡಿಂಗ್ ಕೇಳಿದರೆ ಆಯ್ತು, ಅದೇ 'ಟಕ್'. ಅದೇ ಸದ್ದು ಜೂನ್‌ನಲ್ಲಿ ಕೇಳಿಸಿದರೆ ಬೇರೆ ಯಾರನ್ನೋ ಹುಡುಕಬೇಕು. ಈ ತಿಂಗಳುವಾರು ಲೆಕ್ಕ ಸಾದಾ ಹಾಳೆಯಲ್ಲಿ ಸಿಗೋದಿಲ್ಲ.

ಇದಕ್ಕೂ ಒಂದು ಕೊರತೆ ಇದೆ. ಜನ ಹೋದಲ್ಲಿ ಮಾತ್ರ ಪಟ್ಟಿ ಬೆಳೆಯುತ್ತದೆ. ವಿಶ್ವವಿದ್ಯಾಲಯದ ಆವರಣ, ಉಣಕಲ್ ಕೆರೆಗಳಿಗೆ ಕಣ್ಣುಗಳು ಜಾಸ್ತಿ. ರೋಣದ ಕಡೆಯ ಸಣ್ಣ ಕೆರೆಯ ಪಟ್ಟಿ ನಾಲ್ಕೇ ಸಾಲು ಇದ್ದರೆ ಅಲ್ಲಿ ನಾಲ್ಕೇ ಹಕ್ಕಿ ಅಂತಲ್ಲ, ಅಲ್ಲಿಗೆ ಹೋದವರು ಕಮ್ಮಿ ಅಷ್ಟೇ.

ಇನ್ನು ಮರ್ಲಿನ್. ಬೆಳಿಗ್ಗೆ ಹೊತ್ತು ಮೊಬೈಲ್ ಹಿಡಿದು ನಿಂತರೆ ಪರದೆ ಮೇಲೆ ದನಿಯ ಗೆರೆಗಳು ಓಡುತ್ತವೆ, ಕೂಗಿದ ಹಕ್ಕಿಯ ಹೆಸರು ಬೆಳಗುತ್ತದೆ. ಮಜಾ ಇದೆ, ಸುಳ್ಳು ಹೇಳಲಾರೆ. ಮಡಿವಾಳ ಹಕ್ಕಿ, ಪಿಕಳಾರ, ಕೆಂಬೂತ, ಟಿಟ್ಟಿಭ ಇವುಗಳಲ್ಲಿ ಎಡವೋದು ಅಪರೂಪ. ಆದರೆ ಮಾವಿನ ಮರದಲ್ಲಿ ಎಲೆಹಕ್ಕಿ ಕೂತಿದ್ದರೆ ಕಥೆ ಬೇರೆ. ಅದು ಪಿಕಳಾರನ ಹಾಗೂ ಕೂಗುತ್ತದೆ, ಕಾಜಾಣದ ಹಾಗೂ ಕೂಗುತ್ತದೆ. ಆ್ಯಪ್ ನಂಬಿ ಸಾಲಾಗಿ ಹೆಸರು ತೋರಿಸುತ್ತದೆ, ಮರದಲ್ಲಿ ಇರೋದು ಒಂದೇ ಹಸಿರು ಹಕ್ಕಿ! ಹುಬ್ಬಳ್ಳಿ ಕಡೆ ರಸ್ತೆ ಪಕ್ಕ ನಿಂತರೆ ಹಾರ್ನ್ ಸದ್ದಿನಲ್ಲಿ ಅದಕ್ಕೂ ಏನೂ ಕೇಳಿಸೋದಿಲ್ಲ.

ಕುಟ್ರ ಹಕ್ಕಿಗಳ (ಬಾರ್ಬೆಟ್) ವಿಷಯಕ್ಕೆ ಜೆನೊ-ಕ್ಯಾಂಟೊ ಒಳ್ಳೆಯದು. ಕಲಘಟಗಿ ಕಡೆ ಬಿಳಿಕೆನ್ನೆಯದೂ ಇದೆ, ಕಂದುತಲೆಯದೂ ಇದೆ. ಎರಡೂ 'ಟ್ರ್‌ರ್‌ರ್' ಎಂದು ಶುರು ಮಾಡಿ 'ಕುಟ್ರೂ ಕುಟ್ರೂ' ಎಂದು ಹಿಡಿದುಬಿಡುತ್ತವೆ. ಮನೆಯಲ್ಲಿ ಇಯರ್‌ಫೋನ್ ಹಾಕಿಕೊಂಡು ಒಂದರ ಹಿಂದೊಂದು ಕೇಳಿದರೆ ಮಾತ್ರ ವ್ಯತ್ಯಾಸ ಕಿವಿಗೆ ಹತ್ತುತ್ತದೆ. ಅಲ್ಲಿನ ರೆಕಾರ್ಡಿಂಗ್‌ಗಳಿಗೆ ಎ ಇಂದ ಇ ತನಕ ಗುಣಮಟ್ಟದ ದರ್ಜೆ ಇದೆ. ಎ ದರ್ಜೆಯದನ್ನು, ಸಾಧ್ಯವಾದರೆ ಪಶ್ಚಿಮ ಘಟ್ಟದಲ್ಲಿ ಹಿಡಿದದ್ದನ್ನು ಕೇಳಿ. ಹಾದಿಯಲ್ಲಿ ನಿಂತು ಹುಡುಕೋಕೆ ಇದು ಬರೋದಿಲ್ಲ, ನಿಧಾನ.

ಪಟ್ಟಿಯೇ ಸೋಲುವ ಜಾಗವೂ ಇದೆ. ಬುಷ್‌ಲಾರ್ಕ್ ಎಂಬ ಬಯಲಿನ ಸಣ್ಣ ಹಕ್ಕಿಗಳು. ಜೆರ್ಡನ್ಸ್ ಮತ್ತು ಇಂಡಿಯನ್, ಎರಡೂ ಮಣ್ಣಿನ ಬಣ್ಣ, ಎರಡೂ ಪಟ್ಟಿಯಲ್ಲಿ ಇರಬಹುದು. ಒಂದು ಬೇಲಿ ಮೇಲೆ ಕೂತು ಒಣ, ಲೋಹದ ಸದ್ದಿನ ಹಾಗೆ ಗಿರ್ ಎನ್ನುತ್ತದೆ. ಅದು ಜೆರ್ಡನ್ಸ್. ಇನ್ನೊಂದು ಮೇಲೆ ಹಾರಿ ಸಿಳ್ಳೆ ಹಾಕುತ್ತಾ ರೆಕ್ಕೆ ಚಾಚಿ ಇಳಿಯುತ್ತದೆ. ಇಲ್ಲಿ ದನಿ ಬಿಟ್ಟರೆ ಗತಿಯಿಲ್ಲ.

ಮಾಗಡಿ ಕೆರೆಗೆ ಇವು ಯಾವುದೂ ಬೇಡ. 2024ರಲ್ಲಿ ರಾಮ್ಸರ್ ಪಟ್ಟಿ, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ಪಟ್ಟಿ ಸೇರಿದ ಕೆರೆ ಅದು. ಚಳಿಗಾಲದಲ್ಲಿ ಪಟ್ಟೆತಲೆ ಹೆಬ್ಬಾತುಗಳು ಹಿಂಡುಗಟ್ಟಿ ನಿಂತಿರುತ್ತವೆ. ಬಿಳಿ ತಲೆಯ ಮೇಲೆ ಎರಡು ಕಪ್ಪು ಪಟ್ಟಿ, ದುರ್ಬೀನು ಇದ್ದರೆ ಸಾಕು.

ಮರ್ಲಿನ್, ಬರ್ಡ್‌ನೆಟ್ ನಡುವೆ ಒಂದನ್ನೇ ಇಟ್ಟುಕೊಳ್ಳೋದಾದರೆ ಮರ್ಲಿನ್. ಭಾರತದ ಹಕ್ಕಿಗಳ ಪ್ಯಾಕ್ ಒಮ್ಮೆ ಇಳಿಸಿಕೊಂಡರೆ ನೆಟ್‌ವರ್ಕ್ ಇಲ್ಲದೆಯೂ ನಡೆಯುತ್ತದೆ. ನಾನು ಬಳಸಿದ ಬರ್ಡ್‌ನೆಟ್ ತುಣುಕನ್ನು ಸರ್ವರ್‌ಗೆ ಕಳಿಸಿ ಉತ್ತರ ತರುತ್ತಿತ್ತು. ಕಪ್ಪತಗುಡ್ಡದ ಮರೆಯಲ್ಲಿ ಸಿಗ್ನಲ್ ಹೋದರೆ ಅದು ಸುಮ್ನೆ ಕೂತುಬಿಡುತ್ತಿತ್ತು. ಹೊರಡುವ ಮುಂಚೆ ಮನೆಯ ವೈಫೈನಲ್ಲೇ ಪ್ಯಾಕ್ ಇಳಿಸಿಕೊಳ್ಳಿ, ಸೈಜು ದೊಡ್ಡದು. ಆ ಜಾಗದ ಬಾರ್ ಚಾರ್ಟ್‌ನ ಒಂದು ಸ್ಕ್ರೀನ್‌ಶಾಟ್ ಕೂಡ ತೆಗೆದಿಟ್ಟುಕೊಳ್ಳಿ.