ಕಂಪನಿ ಸರ್ವೀಸೋ, ಆಟೋ ಕಾಂಪ್ಲೆಕ್ಸ್ ಗ್ಯಾರೇಜೋ: 38 ದಿನ ಕಾರು ಬಿಟ್ಟವಳ ಲೆಕ್ಕ

ಮೊದಲೇ ಹೇಳಿಬಿಡುತ್ತೇನೆ, ನಾನೀಗ ಗ್ಯಾರೇಜಿನ ಪಾರ್ಟಿ. ಕಂಪನಿ ಸರ್ವೀಸ್ ಸೆಂಟರಿನಲ್ಲಿ ಮೂರು ಸಲ ಸೇರಿ 38 ದಿನ ಕಾರು ಬಿಟ್ಟೆ. 25,950 ರೂಪಾಯಿ ಕೊಟ್ಟೆ. ಕಾಯಿಲೆಯನ್ನು ಹಾಗೇ ವಾಪಸ್ ತಂದೆ. ಅದೇ ಕಾಯಿಲೆ ಶಿವಮೊಗ್ಗದ ಆಟೋ ಕಾಂಪ್ಲೆಕ್ಸಿನ ಒಂದು ಗ್ಯಾರೇಜಿನಲ್ಲಿ ಒಂದೂವರೆ ದಿನಕ್ಕೆ, 2,250 ರೂಪಾಯಿಗೆ ವಾಸಿಯಾಯಿತು. ಇಷ್ಟಾದ ಮೇಲೆ ತಕ್ಕಡಿ ಸಮ ಇರಬೇಕು ಅಂದರೆ ಕಷ್ಟ ಅಲ್ವಾ?

ಕಾರು 2017ರ ಪೆಟ್ರೋಲ್ ಹ್ಯಾಚ್‌ಬ್ಯಾಕ್. ವಾರಂಟಿ ಮುಗಿದು ವರ್ಷಗಳೇ ಆದವು. ನನ್ನ ಕೆಲಸ ಶಿವಮೊಗ್ಗದಲ್ಲಿ, ಅಮ್ಮ ಇರುವುದು ತೀರ್ಥಹಳ್ಳಿಯ ಹತ್ತಿರದ ಹಳ್ಳಿಯಲ್ಲಿ. ಶನಿವಾರ ಹೋಗುತ್ತೇನೆ, ಭಾನುವಾರ ಸಂಜೆ ಬರುತ್ತೇನೆ. ಅರ್ಧ ದಾರಿಯಲ್ಲಿ ಮಂಡಗದ್ದೆಯಲ್ಲಿ ನಿಲ್ಲಿಸಿ ಟೀ ಕುಡಿಯುವುದು ಹಳೇ ಚಾಳಿ. ಅಪ್ಪ ಇದ್ದಾಗಿನಿಂದಲೂ ಇದೆ.

ಕಾಯಿಲೆ ಏನು ಅಂದರೆ, ಟೀ ಕುಡಿದು ಬಂದು ಕೀ ತಿರುಗಿಸಿದರೆ ಸ್ಟಾರ್ಟರ್ ಚರಚರ ಅಂತ ತಿರುಗುತ್ತದೆ, ಇಂಜಿನ್ ಹಿಡಿಯುವುದಿಲ್ಲ. ಅರ್ಧ ಗಂಟೆ ಸುಮ್ಮನೆ ಕೂತರೆ ಏನೂ ಆಗಿಲ್ಲ ಅನ್ನುವ ಹಾಗೆ ಸ್ಟಾರ್ಟ್ ಆಗುತ್ತದೆ. ಬೆಳಿಗ್ಗೆ ಮನೆ ಮುಂದೆ ಒಂದು ದಿನವೂ ಕೈ ಕೊಟ್ಟಿಲ್ಲ. ಬಿಸಿಯಾಗಬೇಕು, ಆಮೇಲೆ ಹತ್ತು ಹದಿನೈದು ನಿಮಿಷ ನಿಲ್ಲಬೇಕು. ಆಗ ಮಾತ್ರ.

ಮುಂದಿನ ಕಥೆಗೆಲ್ಲ ಈ ಎರಡು ಸಾಲೇ ಮೂಲ. ಬಿಸಿ, ಹದಿನೈದು ನಿಮಿಷ. ಇದನ್ನು ನಾನು ಸರ್ವೀಸ್ ಅಡ್ವೈಸರಿಗೆ ಬಿಡಿಸಿ ಬಿಡಿಸಿ ಹೇಳಿದೆ. ಹುಡುಗ ಪಾಪ ಒಳ್ಳೆಯವನು, ತಲೆ ಆಡಿಸುತ್ತಾ ಟ್ಯಾಬಿನಲ್ಲಿ ಟೈಪ್ ಮಾಡಿಕೊಂಡ. ಪ್ರಿಂಟ್ ಆಗಿ ಬಂದ ಜಾಬ್ ಕಾರ್ಡಿನಲ್ಲಿ ನೋಡಿದರೆ ಎರಡೇ ಶಬ್ದ: ಸ್ಟಾರ್ಟಿಂಗ್ ಪ್ರಾಬ್ಲಮ್. ನಾನು ಅದನ್ನು ಓದಿಯೂ ಸಹಿ ಹಾಕಿದೆ. ನನ್ನ ಮೊದಲ ತಪ್ಪು ಅದು.

ಮರುದಿನ ಫೋನ್ ಬಂತು. "ಮ್ಯಾಮ್, ನಮ್ಮಲ್ಲಿ ಸ್ಟಾರ್ಟ್ ಆಗ್ತಿದೆ."

ಆಗದೆ ಏನು? ರಾತ್ರಿಯಿಡೀ ಶೆಡ್ಡಿನ ನೆರಳಲ್ಲಿ ನಿಂತ ಕಾರು. ಬೆಳಿಗ್ಗೆ ಯಾರೋ ಬಂದು ಕೀ ತಿರುಗಿಸುತ್ತಾರೆ, ಒಂದೇ ಏಟಿಗೆ ಸ್ಟಾರ್ಟ್. ಸ್ಕ್ಯಾನರ್ ಹಾಕುತ್ತಾರೆ, ಕಾಯಿಲೆ ಯಾವುದು ಅಂತ ಹೇಳುವ ಕೋಡ್ ಏನೂ ಇಲ್ಲ. ಬ್ಯಾಟರಿ ಹಳೆಯದಾಗಿದೆ ಅಂದರು. ಹಳೆಯದಾಗಿದ್ದು ನಿಜವೇ, ಹಾಕಿಸಿದೆ. 4 ದಿನ, 5,900 ರೂಪಾಯಿ. ಆ ಶನಿವಾರ ಮಂಡಗದ್ದೆಯಲ್ಲಿ ಹೊಸ ಬ್ಯಾಟರಿ ಇನ್ನೂ ಜೋರಾಗಿ ಚರಚರ ಅನ್ನಿಸಿತು, ಅಷ್ಟೇ.

ಎರಡನೇ ಸಲ 11 ದಿನ. ಈ ಬಾರಿ ಫ್ಯುಯೆಲ್ ಪಂಪ್, 10,350. ಮತ್ತೆ ಅದೇ ಕಥೆ. ಮೂರನೇ ಸಲ ನಾನೇ ಒಂದು ಹಾಳೆಯಲ್ಲಿ ಕನ್ನಡದಲ್ಲಿ ದೊಡ್ಡದಾಗಿ ಬರೆದು ಸ್ಟೇರಿಂಗಿಗೆ ಅಂಟಿಸಿದೆ: "30 ಕಿಲೋಮೀಟರ್ ಓಡಿಸಿ, ಆಫ್ ಮಾಡಿ, 15 ನಿಮಿಷ ಬಿಟ್ಟು ಸ್ಟಾರ್ಟ್ ಮಾಡಿ ನೋಡಿ." ಓಡೋಮೀಟರಿನ ಫೋಟೋ ಕೂಡ ತೆಗೆದುಕೊಂಡೆ. 23 ದಿನ ಆದ ಮೇಲೆ ಕಾರು ಕೊಟ್ಟರು. ಆ ಹಾಳೆ ಮಡಚಿ ಗ್ಲೋವ್ ಬಾಕ್ಸಿನಲ್ಲಿ ಇಟ್ಟಿದ್ದರು. ಓಡೋಮೀಟರ್ 2 ಕಿಲೋಮೀಟರ್ ಮುಂದೆ ಹೋಗಿತ್ತು. ಬಿಲ್ಲಿನಲ್ಲಿ ಮಾತ್ರ "ರೋಡ್ ಟೆಸ್ಟ್ ಮಾಡಲಾಗಿದೆ, ಓಕೆ". 2 ಕಿಲೋಮೀಟರಿಗೆ ನನ್ನ ಕಾರಿನ ಟೆಂಪರೇಚರ್ ಮುಳ್ಳು ಸರಿಯಾಗಿ ಏಳುವುದೂ ಇಲ್ಲ.

ಆ 23 ದಿನದಲ್ಲಿ ಹಾಕಿದ್ದು ಏನು ಗೊತ್ತಾ? ಸ್ಟಾರ್ಟರ್ ಮೋಟಾರ್. 9,700. ಚರಚರ ಅಂತ ಚೆನ್ನಾಗೇ ತಿರುಗುತ್ತಿದ್ದ ಸ್ಟಾರ್ಟರ್! ಇದು ಬೆಂಗಳೂರಿನಿಂದ ಬರಬೇಕು ಅಂತ ಎರಡು ವಾರ ಕಾಯಿಸಿದರು. ದಿನಾ ಸಂಜೆ ಕಾಲ್ ಮಾಡ್ತೀನಿ ಮ್ಯಾಮ್ ಅನ್ನುವುದು, ಮಾಡದೇ ಇರುವುದು, ನಾನೇ ಮಾಡಿದರೆ ಅಡ್ವೈಸರ್ ಇವತ್ತು ರಜೆ ಅನ್ನುವುದು. ಒಂದು ದಿನ ತಲೆ ಕೆಟ್ಟು ನೇರ ಹೋದೆ. ಕೆಲಸ ಮಾಡುವವರ ಹತ್ತಿರ ಎರಡು ನಿಮಿಷ ಮಾತಾಡಬೇಕು ಅಂದೆ. ಕಸ್ಟಮರ್ ಒಳಗೆ ಬರುವ ಹಾಗಿಲ್ಲವಂತೆ. ಗಾಜಿನ ಈಚೆ ಕೂತು, ಕಾಫಿ ಮಷಿನ್ನಿನ ಕಾಫಿ ಕುಡಿಯುತ್ತಾ, ಗಾಜಿನ ಆಚೆ ನಿಂತ ನನ್ನ ಕಾರು ನೋಡಿದೆ. ಅಲ್ಲಿ ನನ್ನ ಮಾತು ಕೇಳಿಸಿಕೊಳ್ಳುವವನು ಕಾರು ಮುಟ್ಟುವುದಿಲ್ಲ. ಕಾರು ಮುಟ್ಟುವವನಿಗೆ ನನ್ನ ಮಾತು ತಲುಪುವುದಿಲ್ಲ. ನಡುವೆ ಇರುವುದು ಎರಡು ಶಬ್ದದ ಜಾಬ್ ಕಾರ್ಡ್. ಹೊರಡುವಾಗ "ಮನೇಲಿ ಸರ್ ಯಾರಾದ್ರೂ ಇದ್ರೆ ಅವರ ಕೈಲಿ ಮಾತಾಡ್ಸಿ ಮ್ಯಾಮ್, ಟೆಕ್ನಿಕಲ್ ಆಗಿ ಎಕ್ಸ್‌ಪ್ಲೇನ್ ಮಾಡ್ತೀವಿ" ಅಂದ ಇನ್ನೊಬ್ಬ. ಅದರ ಬಗ್ಗೆ ಬೇರೆಯೇ ಬರೆಯಬೇಕು, ಇಲ್ಲಿ ಬೇಡ.

ನಾಲ್ಕನೇ ಸಲ ಫೋನ್ ಮಾಡಿದಾಗ ಇಸಿಯು ಬದಲಾಯಿಸಿ ನೋಡೋಣ, 48,000 ಆಗಬಹುದು ಅಂದರು. ಇಸಿಯು ಅಂದರೆ ಇಂಜಿನ್ ನಡೆಸುವ ಕಂಪ್ಯೂಟರ್. 'ನೋಡೋಣ' ಅನ್ನುವುದಕ್ಕೆ ನಲವತ್ತೆಂಟು ಸಾವಿರ! ಅವತ್ತೇ ಬಿಟ್ಟೆ.

ಆಟೋ ಕಾಂಪ್ಲೆಕ್ಸ್ ಗೊತ್ತಿಲ್ಲದವರಿಗೆ: ಸಾಗರ ರಸ್ತೆಯಲ್ಲಿ ಸಾಲು ಸಾಲು ಗ್ಯಾರೇಜು, ಟಿಂಕರಿಂಗು, ಎಲೆಕ್ಟ್ರಿಷಿಯನ್, ಸೀಟ್ ಹೊಲಿಯುವವರು ಎಲ್ಲ ಇರುವ ಜಾಗ. ಆಫೀಸಿನ ಡ್ರೈವರೊಬ್ಬರು ಹೇಳಿದ ಗ್ಯಾರೇಜಿಗೆ ಹೋದೆ. ಮೆಕ್ಯಾನಿಕ್ ಐವತ್ತರ ಆಸುಪಾಸು. ಕಾರಿನ ಕೆಳಗಿಂದ ಹೊರಗೆ ಬಂದು, ಕೈ ಒರೆಸಿಕೊಳ್ಳುತ್ತಾ ಪೂರ್ತಿ ಕೇಳಿದರು. ನಡುವೆ ಒಂದೇ ಪ್ರಶ್ನೆ. "ಹಿಡಿಯದೇ ಇರುವಾಗ ಆರ್‌ಪಿಎಂ ಮುಳ್ಳು ಅಲ್ಲಾಡುತ್ತಾ ಅಕ್ಕ?" ಇಂಜಿನ್ ಎಷ್ಟು ವೇಗವಾಗಿ ತಿರುಗುತ್ತಿದೆ ಅಂತ ತೋರಿಸುವ ಮುಳ್ಳು ಅದು. ನಾನು ನೋಡಿಯೇ ಇರಲಿಲ್ಲ.

"ಬಿಸಿ ಆಗದೆ ನೋಡಿ ಪ್ರಯೋಜನ ಇಲ್ಲ. ನಡೀರಿ, ಗಾಜನೂರಿಗೆ ಹೋಗಿ ಟೀ ಕುಡಿದು ಬರೋಣ" ಅಂದರು. ಸೀಟಿಗೆ ಪೇಪರ್ ಹಾಸಿಕೊಂಡು ಅವರೇ ಓಡಿಸಿದರು. ಡ್ಯಾಮಿನ ಹತ್ತಿರ ನಿಲ್ಲಿಸಿ ಟೀ ಕುಡಿದೆವು. ಹದಿನೈದು ನಿಮಿಷ ಬಿಟ್ಟು ಬಂದು ಕೀ ತಿರುಗಿಸಿದರೆ, ಚರಚರಚರ. ಇಂಜಿನ್ ಹಿಡಿಯಲಿಲ್ಲ. ಜೀವನದಲ್ಲಿ ಮೊದಲ ಸಲ ಕಾರು ಸ್ಟಾರ್ಟ್ ಆಗಲಿಲ್ಲ ಅಂತ ಖುಷಿಪಟ್ಟೆ.

"ಮುಳ್ಳು ನೋಡಿ" ಅಂದರು. ಸೊನ್ನೆ ಬಿಟ್ಟು ಕದಲಿರಲಿಲ್ಲ. ಬಾನೆಟ್ ಎತ್ತಿ, ಬಾಟಲಿ ನೀರಿನಲ್ಲಿ ಬಟ್ಟೆ ಅದ್ದಿ ಹಿಂಡಿ, ಇಂಜಿನ್ ಮತ್ತು ಗೇರ್‌ಬಾಕ್ಸ್ ಸೇರುವ ಕಡೆ ಹೆಬ್ಬೆರಳು ಗಾತ್ರದ ಒಂದು ಕಪ್ಪು ಸಾಮಾನಿಗೆ ಸುತ್ತಿದರು. ಐದು ನಿಮಿಷ ಕಾದೆವು. ಬಟ್ಟೆ ತೆಗೆದು, ಬಾನೆಟ್ ಹಾಕಿ, ಕೀ ತಿರುಗಿಸಿದರು. ಮುಳ್ಳು ಸಣ್ಣಗೆ ಮಿಸುಕಿತು, ಇಂಜಿನ್ ಹಿಡಿಯಿತು.

ಕ್ರ್ಯಾಂಕ್ ಸೆನ್ಸರ್. ಪೂರ್ತಿ ಹೆಸರು ಕ್ರ್ಯಾಂಕ್‌ಶಾಫ್ಟ್ ಪೊಸಿಷನ್ ಸೆನ್ಸರ್. ಇಂಜಿನ್ ಜೊತೆ ತಿರುಗುವ ಒಂದು ಹಲ್ಲಿನ ಚಕ್ರ ಇರುತ್ತದೆ. ಸುಮಾರು ಕಾರುಗಳಲ್ಲಿ 60 ಹಲ್ಲಿನ ಜಾಗ, ಅದರಲ್ಲಿ 2 ಹಲ್ಲು ಬೇಕೆಂದೇ ಬಿಟ್ಟಿರುತ್ತಾರೆ. ಆ ಖಾಲಿ ಜಾಗ ಎದುರು ಬಂದಾಗ ಪಿಸ್ಟನ್ ಎಲ್ಲಿದೆ ಅಂತ ಇಸಿಯುಗೆ ಗೊತ್ತಾಗುತ್ತದೆ. ನನ್ನ ಕಾರಿನ ಸೆನ್ಸರಿನ ಒಳಗೆ ಸಣ್ಣ ತಂತಿಯ ಸುರುಳಿ. ವಯಸ್ಸಾದ ಸುರುಳಿಯಲ್ಲಿ ಎಲ್ಲೋ ಕೂದಲೆಳೆ ಬಿರುಕು. ಬಿಸಿಗೆ ಹಿಗ್ಗಿದಾಗ ಬಿಟ್ಟುಕೊಳ್ಳುತ್ತದೆ, ತಣಿದಾಗ ಕೂಡಿಕೊಳ್ಳುತ್ತದೆ. ಸಿಗ್ನಲ್ ಇಲ್ಲದಿದ್ದರೆ ಇಂಜಿನ್ ತಿರುಗುತ್ತಿದೆ ಅನ್ನುವುದೇ ಇಸಿಯುಗೆ ತಿಳಿಯುವುದಿಲ್ಲ. ಪೆಟ್ರೋಲ್ ಬಿಡುವುದಿಲ್ಲ, ಕಿಡಿ ಕೊಡುವುದಿಲ್ಲ, ಆರ್‌ಪಿಎಂ ಮುಳ್ಳೂ ಏಳುವುದಿಲ್ಲ. ಓಡುವಾಗ ಗಾಳಿ ಹೊಡೆಯುತ್ತಿರುತ್ತದೆ. ನಿಲ್ಲಿಸಿದ ಮೇಲೆ ಇಂಜಿನ್ನಿನ ಬಿಸಿ ಹೋಗಲು ದಾರಿ ಇಲ್ಲದೆ ಸೆನ್ಸರಿಗೆ ಏರುತ್ತದೆ. ಅದಕ್ಕೇ ಆ ಹದಿನೈದು ನಿಮಿಷ. ಇದಕ್ಕೊಂದು ಕೋಡೂ ಇದೆ, ಪಿ0335. ನನ್ನ ಕಾರಲ್ಲಿ ಅದು ಕೂತಿರಲಿಲ್ಲ. ಕೋಡ್ ಇಲ್ಲ ಅಂದಕೂಡಲೇ ಕಂಪನಿಯವರ ಬುದ್ಧಿ ಅಲ್ಲಿಗೇ ನಿಂತಿತ್ತು.

(ಒದ್ದೆ ಬಟ್ಟೆ ಉಪಾಯ ನೀವು ಮಾಡುವುದಾದರೆ ನೀರು ಸುರಿಯಬೇಡಿ, ಬಿಸಿ ಇಂಜಿನ್ ಅದು. ನನ್ನ ಕಾರಲ್ಲಿ ಕೈಗೆ ಎಟುಕುವ ಜಾಗದಲ್ಲಿದೆ. ಎಲ್ಲ ಕಾರಲ್ಲೂ ಹಾಗಿರಲ್ಲ.)

ಸೆನ್ಸರ್ 1,850, ಮಜೂರಿ 400. ಹಳೆಯದನ್ನು ಕವರಿನಲ್ಲಿ ಹಾಕಿ ಕೈಗೆ ಕೊಟ್ಟರು. ಕಂಪನಿಯಲ್ಲಿ ಹಳೇ ಸ್ಟಾರ್ಟರ್ ಕೇಳಿದ್ದಕ್ಕೆ "ಅದು ಸ್ಕ್ರ್ಯಾಪಿಗೆ ಹೋಯ್ತು ಮ್ಯಾಮ್" ಅಂದಿದ್ದರು.

ಇನ್ನು ಉಳಿದ ವಿಷಯ ಬೇಗ ಬೇಗ ಹೇಳುತ್ತೇನೆ.

ಬಿಲ್ಲು: ಕಂಪನಿಯೇ ಮೇಲು. ಪ್ರತಿ ನಟ್ಟಿಗೂ ಜಿಎಸ್‌ಟಿ ಸಮೇತ ಲೆಕ್ಕ. ಗ್ಯಾರೇಜಿನಲ್ಲಿ ಕೇಳಿದರೆ ಮಾತ್ರ, ಅದೂ ಕ್ಯಾಲೆಂಡರಿನ ಹಿಂಬದಿಯಲ್ಲಿ. ಕಾರು ಮಾರುವಾಗ ಸರ್ವೀಸ್ ಹಿಸ್ಟರಿ ಕೇಳುತ್ತಾರೆ ಅನ್ನುವ ಚಿಂತೆ ಇದ್ದರೆ ಇದು ಸಣ್ಣ ವಿಷಯ ಅಲ್ಲ. ನಾನು ಇದನ್ನು ಗುಜರಿಗೆ ಹೋಗುವ ತನಕ ಓಡಿಸುವವಳು.

ಸ್ವಚ್ಛತೆ: ಹೋಲಿಕೆಯೇ ಬೇಡ. ಗ್ಯಾರೇಜಿನಿಂದ ಬಂದಾಗ ಬಾಗಿಲ ಮೇಲೆ ಐದು ಬೆರಳಿನ ಗ್ರೀಸ್ ಗುರುತಿತ್ತು.

ಬಿಡಿಭಾಗ: ಇಲ್ಲಿ ಗ್ಯಾರೇಜಿನವರ ಪಾಡು ಬೇರೆ. ಒರಿಜಿನಲ್ ಸಾಮಾನು ಹೊರಗಿನವರಿಗೆ ಸುಲಭವಾಗಿ ಕೊಡುತ್ತಿಲ್ಲ ಅಂತಲೇ ಭಾರತೀಯ ಸ್ಪರ್ಧಾ ಆಯೋಗ 2014ರ ಆಗಸ್ಟಿನಲ್ಲಿ 14 ಕಾರು ಕಂಪನಿಗಳಿಗೆ ಒಟ್ಟು 2,500 ಕೋಟಿಗೂ ಜಾಸ್ತಿ ದಂಡ ಹಾಕಿತ್ತು. ಹೊರಗೆ ರಿಪೇರಿ ಮಾಡಿಸಿದರು ಅನ್ನುವ ಒಂದೇ ಕಾರಣಕ್ಕೆ ವಾರಂಟಿ ಪೂರ್ತಿ ರದ್ದು ಅನ್ನಬಾರದು ಅಂತಲೂ ಹೇಳಿತ್ತು. ಕೇಸು ಆಮೇಲೆ ಕೋರ್ಟುಗಳಲ್ಲಿ ಸುತ್ತಾಡಿತು. ನನ್ನ ಸೆನ್ಸರ್ ಶಿವಮೊಗ್ಗದಲ್ಲಿ ಸಿಗದೆ ಬೆಂಗಳೂರಿನ ಜೆ.ಸಿ. ರಸ್ತೆಯಿಂದ ರಾತ್ರಿ ಬಸ್ಸಿನಲ್ಲಿ ಪಾರ್ಸಲ್ ಬಂತು. ಆ ಒಂದೂವರೆ ದಿನದಲ್ಲಿ ಒಂದು ದಿನ ಅದಕ್ಕೇ ಹೋಯಿತು. ಡೂಪ್ಲಿಕೇಟ್ ಹಾಕಿಬಿಟ್ಟಾರು ಅನ್ನುವ ಭಯ ಇದ್ದರೆ ಡಬ್ಬಿ ತೋರಿಸಿ ಅನ್ನಿ. ಒಳ್ಳೆಯವರು ಬೇಜಾರು ಮಾಡಿಕೊಳ್ಳುವುದಿಲ್ಲ.

ಆ್ಯಪಿನಲ್ಲಿ ಬುಕ್ ಮಾಡಿದರೆ ಮನೆಗೇ ಬಂದು ಕಾರು ಒಯ್ಯುವವರು: ಬೆಂಗಳೂರಿನಲ್ಲಿರುವ ತಮ್ಮನ ಕಾರಿಗೆ ಆಯಿಲ್ ಸರ್ವೀಸ್ ಮಾಡಿಸಿದ್ದೆ. ಆಯಿಲಿಗೆ ಪರವಾಗಿಲ್ಲ. ನನ್ನಂಥ ಕಾಯಿಲೆಗೆ ಇಲ್ಲೂ ಅದೇ ಗೋಳು. ಕಾರು ಒಯ್ಯುವ ಹುಡುಗನಿಗೆ ಹೇಳಿದ್ದು ರಿಪೇರಿ ಮಾಡುವವರಿಗೆ ತಲುಪುವ ಗ್ಯಾರಂಟಿ ಇಲ್ಲ.

ಜಗಳ: ಕಂಪನಿಯ ಜೊತೆ ಮಾಡಬಹುದು, ಕಾಗದ ಇರುತ್ತದೆ. ಫೋನಿನಲ್ಲಿ ಕೂಗಾಡಿ ನನಗೆ ಗಂಟಲು ನೋವಾಯಿತು ಅಷ್ಟೇ. ಮೂರೂ ಜಾಬ್ ಕಾರ್ಡ್, ಓಡೋಮೀಟರ್ ಫೋಟೋ ಸೇರಿಸಿ ಇಮೇಲ್ ಕಳಿಸಿದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ಇದನ್ನು ಸೇವಾ ನ್ಯೂನತೆ ಅನ್ನುತ್ತಾರೆ, 1915 ಸಹಾಯವಾಣಿಗೆ ದೂರು ಕೊಡುತ್ತೇನೆ ಅಂತ ಬರೆದೆ. ಮೂರನೇ ದಿನ ಮ್ಯಾನೇಜರೇ ಫೋನ್ ಮಾಡಿದರು. ಸ್ಟಾರ್ಟರಿನ ಲೇಬರ್ 1,600 ವಾಪಸ್ ಬಂತು. ಉಳಿದದ್ದಕ್ಕೆ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗಬಹುದಿತ್ತು. ಕೊಟ್ಟ ಹಣ 5 ಲಕ್ಷದೊಳಗಿದ್ದರೆ ಶುಲ್ಕವೂ ಇಲ್ಲ. ನಾನು ಹೋಗಲಿಲ್ಲ. ರಜೆ ಇರಲಿಲ್ಲ, ಸಿಟ್ಟೂ ಇಳಿದಿತ್ತು.

ಹಾಗಂತ ಎಲ್ಲರೂ ಗ್ಯಾರೇಜಿಗೇ ಹೋಗಿ ಅನ್ನಲಾರೆ. ವಾರಂಟಿ ಇರುವ ಕಾರಾದರೆ ಕಂಪನಿಗೇ ಬಿಡಿ. ಏರ್‌ಬ್ಯಾಗ್, ರೀಕಾಲ್, ಕಳೆದುಹೋದ ಕೀಗೆ ಹೊಸ ಕೀ ಕೋಡಿಂಗ್, ಇವಕ್ಕೆ ನಾನೂ ಅಲ್ಲಿಗೇ ಹೋಗುತ್ತೇನೆ. ಯಾವ ಭಾಗ ಹೋಗಿದೆ ಅಂತ ಮೊದಲೇ ಖಚಿತ ಇದ್ದು, ಹಾಕಿಸುವುದಷ್ಟೇ ಬಾಕಿ ಇದ್ದರೂ ಅವರು ಸಾಕು. ಒಮ್ಮೆ ಬಂದು ಒಮ್ಮೆ ಹೋಗುವ ಕಾಯಿಲೆಯಾದರೆ, ನನ್ನ ಹಾಗೆ ಹಳೇ ಕಾರು, ತಿಂಗಳಿಗೆ ಮೂರು ಸಾವಿರಕ್ಕಿಂತ ಜಾಸ್ತಿ ಕಾರಿಗೆ ಇಡಲಾಗದ ಸಂಬಳ, ವಾರಕ್ಕೊಮ್ಮೆ ಕಾಡುದಾರಿ ಅಂತಿದ್ದರೆ, ನಿಮ್ಮ ಜೊತೆ ಟೀ ಕುಡಿಯಲು ಬರುವ ಮೆಕ್ಯಾನಿಕ್ಕನ್ನು ಹುಡುಕಿಕೊಳ್ಳಿ. ಅಪ್ಪಿತಪ್ಪಿ ಕಂಪನಿಗೇ ಬಿಡಬೇಕಾಗಿ ಬಂದರೆ ಜಾಬ್ ಕಾರ್ಡಿನಲ್ಲಿ ನೀವು ಹೇಳಿದ್ದು ಪೂರ್ತಿ ಬರುವ ತನಕ ಸಹಿ ಹಾಕಬೇಡಿ.

ಗ್ಯಾರೇಜಿನ ಮೇಲೂ ನನಗೊಂದು ದೂರಿದೆ. ಅವತ್ತು ಸೆನ್ಸರ್ ಹಾಕುವಾಗ ಮುಂದಿನ ಬಂಪರಿನ ಒಂದು ಕ್ಲಿಪ್ ಮುರಿದಿದ್ದರು. ಐವತ್ತು ರೂಪಾಯಿಯದು. ಮೂರು ತಿಂಗಳಿಂದ ಕೇಳುತ್ತಿದ್ದೇನೆ. "ನಾಳೆ ತರಿಸ್ತೀನಿ ಅಕ್ಕ" ಅನ್ನುತ್ತಾರೆ. ಸದ್ಯಕ್ಕೆ ಅಮ್ಮ ಕೊಟ್ಟ ಹಿತ್ತಲಿನ ಬಾಳೆನಾರಿನಲ್ಲಿ ಕಟ್ಟಿಕೊಂಡು ಓಡಾಡುತ್ತಿದ್ದೇನೆ.